ದಮ್ಮು ಬಂದಿದೆ, ಕಾಲು ಬಂದಿಲ್ಲ: ಎಂಟು ತಿಂಗಳ ಮೇಲೆ ಮತ್ತೆ ಓಟ

ಸಾಲಗಾಮೆ ರಸ್ತೆ:
ಎಲ್ಲರಿಗೂ ನಮಸ್ಕಾರ. ಹಾಸನದವನು, ವಯಸ್ಸು 43. ಹಿಂದೆ ಮೂರು ಹಾಫ್ ಮ್ಯಾರಥಾನ್, ಒಂದು ಫುಲ್ ಮುಗಿಸಿದ್ದೇನೆ. ಹೇಳಿಕೊಳ್ಳುವಂಥ ಟೈಮಿಂಗ್ ಏನಲ್ಲ. ಕಳೆದ ವರ್ಷ ಮನೆ ಕಟ್ಟಿಸಲು ಕೈ ಹಾಕಿದೆ. ಕಟ್ಟಿಸಿದವರಿಗೆ ಗೊತ್ತು, ಬೆಳಿಗ್ಗೆ ಐದೂವರೆಗೆ ಏಳುವುದು ಓಡಲು ಅಲ್ಲ, ಗೋಡೆಗೆ ನೀರು ಹೊಡೆಯಲು. ಎಂಟು ತಿಂಗಳು ಶೂ ಮುಟ್ಟಲಿಲ್ಲ. ಗೃಹಪ್ರವೇಶದ ಹೊತ್ತಿಗೆ ಆರು ಕೆಜಿ ಏರಿದ್ದೆ. ಶೂ ಕೊನೆಗೂ ಉಳಿದ ಟೈಲ್ಸ್ ಡಬ್ಬಗಳ ಹಿಂದೆ ಸಿಕ್ಕಿತು, ಒಳಗೆ ಹಲ್ಲಿ ಮೊಟ್ಟೆ.

ಮೊದಲ ವಾರ ಕ್ರೀಡಾಂಗಣದಲ್ಲಿ ಮೂರು ಕಿಲೋಮೀಟರ್. ನಾಲಿಗೆ ಹೊರಗೆ ಬಂತು. ಎರಡನೇ ವಾರ ಐದು. ಮೂರನೇ ವಾರ ಆರು, ಆರಾಮಾಗಿ. ಅರೆ, ಹಳೇ ಮೈ ವಾಪಸ್ ಬಂತಲ್ಲ ಅನಿಸಿತು. ನಾಲ್ಕನೇ ಭಾನುವಾರ ಬೇಲೂರು ರಸ್ತೆ ಹಿಡಿದೆ. ಮೂರಕ್ಕೆ ತಿರುಗಿ ಆರು ಮಾಡಿ ಬರುವುದು ಎಂದು ಹೊರಟಿದ್ದು. ಮಂಜಿತ್ತು, ತಂಪಿತ್ತು, ಉಸಿರು ಸಲೀಸಾಗಿತ್ತು, ಮುಂದೆ ಇಬ್ಬರು ಹುಡುಗರು ಓಡುತ್ತಿದ್ದರು, ಅವರ ಹಿಂದೆ ಹಿಂದೆ ಹೋಗಿ ಆರಕ್ಕೆ ತಿರುಗಿದೆ. ಮನೆ ಮುಟ್ಟುವಾಗ ಹನ್ನೆರಡು. ಹೆಂಡತಿ ಹತ್ತಿರ ಜಂಬ ಕೊಚ್ಚಿಕೊಂಡು ನಾಲ್ಕು ದೋಸೆ ತಿಂದೆ.

ಮಂಗಳವಾರ ಮೆಟ್ಟಿಲು ಇಳಿಯುವಾಗ ಬಲಗಾಲ ಕಣಕಾಲಿನ ಒಳಮಗ್ಗುಲಲ್ಲಿ ಚುಳ್ ಎಂದಿತು. ಈಗ ಐದು ದಿನ ಆಯ್ತು. ನಡೆದರೆ ಪರವಾಗಿಲ್ಲ, ಓಡಲು ಹೋದರೆ ಹಿಡಿಯುತ್ತದೆ. ಸ್ಪ್ರೇ ಹೊಡೆದೆ, ನೋವಿನೆಣ್ಣೆ ತಿಕ್ಕಿದೆ. ಒಂಬತ್ತು ವಾರಕ್ಕೆ ಬೆಂಗಳೂರಿನಲ್ಲಿ ಒಂದು ಹತ್ತು ಕಿಲೋಮೀಟರ್ ಓಟಕ್ಕೆ ದುಡ್ಡು ಕಟ್ಟಿದ್ದೇನೆ. ಎಷ್ಟು ದಿನ ಸುಮ್ನೆ ಕೂರಬೇಕು? ನನಗೆ ಅರ್ಥವಾಗದ್ದು ಒಂದೇ. ದಮ್ಮು ಕಟ್ಟಲೇ ಇಲ್ಲ, ಮತ್ತೆ ಕಾಲು ಯಾಕೆ ಕೈಕೊಟ್ಟಿತು?

ರೊಬಸ್ಟಾ:
ಸ್ವಾಗತ, ಸಂಘಕ್ಕೆ ಸೇರಿದಿರಿ. ನಮ್ಮದು ಚಿಕ್ಕಮಗಳೂರು ಕಡೆ ಕಾಫಿ ತೋಟ. ನವೆಂಬರ್‌ನಿಂದ ಫೆಬ್ರವರಿವರೆಗೆ ಕುಯ್ಲು, ಆ ಹೊತ್ತಲ್ಲಿ ಓಟ ಎಂದರೆ ಆಳು ಹುಡುಕಿಕೊಂಡು ಓಡುವುದು ಅಷ್ಟೇ. ಅಂದರೆ ಪ್ರತಿ ವರ್ಷ ನಾಲ್ಕು ತಿಂಗಳು ಬಿಟ್ಟು ಮತ್ತೆ ಶುರು ಮಾಡುವವನು ನಾನು. ಪ್ರತಿ ವರ್ಷ ಅದೇ ತಪ್ಪು ಮಾಡುತ್ತಿದ್ದೆ, ಒಂದು ವರ್ಷ ದಂಡ ಸರಿಯಾಗಿ ಬಿತ್ತು.

ಮಾರ್ಚ್‌ನಲ್ಲಿ ಹೂಮಳೆ ಬಿದ್ದು ತೋಟ ಪೂರ್ತಿ ಬೆಳ್ಳಗಾಗಿತ್ತು. ಆ ವಾಸನೆಗೆ ಯಾರಿಗಾದರೂ ತಲೆ ತಿರುಗುತ್ತದೆ ಬಿಡಿ. ಓಡಲು ಶುರು ಮಾಡಿ ಐದನೇ ವಾರ. ಕೈಮರದಿಂದ ಹತ್ತಿ ಮುಳ್ಳಯ್ಯನಗಿರಿ ಮುಟ್ಟಿದೆ. 1930 ಮೀಟರ್ ಎತ್ತರ, ರಾಜ್ಯಕ್ಕೇ ಎತ್ತರದ ಬೆಟ್ಟ. ಹತ್ತುವಾಗ ಓಡಿದ್ದು ಕಡಿಮೆ, ನಡೆದದ್ದೇ ಜಾಸ್ತಿ. ತೊಂದರೆ ಆಗಿದ್ದು ಅಲ್ಲಲ್ಲ. ಇಳಿಯುವಾಗ ಗಾಳಿ ಬೆನ್ನಿಗಿತ್ತು, ಉಸಿರಿಗೆ ಏನೂ ಕೆಲಸ ಇರಲಿಲ್ಲ, ಹುಡುಗನ ಹಾಗೆ ಇಳಿದುಬಿಟ್ಟೆ. ಮರುದಿನ ಬೆಳಿಗ್ಗೆ ಮಂಚದಿಂದ ಕಾಲು ಕೆಳಗಿಟ್ಟರೆ ಎಡ ಹಿಮ್ಮಡಿಯ ಮೇಲಿನ ನರ ಹಗ್ಗದ ಹಾಗೆ ಬಿಗಿದುಕೊಂಡಿತ್ತು. ಅಕಿಲಿಸ್ ಸ್ನಾಯುರಜ್ಜು, ಅಂದರೆ ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ಹುರಿ. ಸರಿಹೋಗಲು ಏಳು ತಿಂಗಳು. ಲೆಕ್ಕ ಹಾಕಿ, ಕುಯ್ಲಿಗೆ ಬಿಟ್ಟದ್ದು ನಾಲ್ಕು ತಿಂಗಳು, ಒಂದು ಬೆಳಿಗ್ಗೆಯ ಖುಷಿಗೆ ಬಿಟ್ಟದ್ದು ಏಳು.

ಮೊದಲ ವಾರದಲ್ಲಿ ಯಾರೂ ಏಟು ಮಾಡಿಕೊಳ್ಳುವುದಿಲ್ಲ ಸಾರ್. ಆಗ ಮೈಯೇ ಬೇಡ ಅನ್ನುತ್ತದೆ. ಚೆನ್ನಾಗಿದೆ ಅನಿಸುತ್ತದಲ್ಲ, ಆ ಮೂರು ನಾಲ್ಕು ಐದನೇ ವಾರ, ಅದೇ ಹಳ್ಳ.

ಕಾಲು ರಿಪೇರಿ:
ನಾನು ಫಿಸಿಯೋ. ಸಾಲಗಾಮೆ ರಸ್ತೆಯವರೇ, ಮೊದಲು ಒಂದು ಪರೀಕ್ಷೆ ಮಾಡಿ. ನೋವಿರುವ ಮೂಳೆಯ ಒಳ ಅಂಚಿನ ಮೇಲೆ ಬೆರಳಿಂದ ಒತ್ತುತ್ತಾ ಬನ್ನಿ. ಮೂರು ನಾಲ್ಕು ಬೆರಳಗಲ, ಐದಾರು ಸೆಂಟಿಮೀಟರ್ ಉದ್ದಕ್ಕೂ ಹರಡಿಕೊಂಡ ನೋವಾದರೆ ಸಾಮಾನ್ಯವಾಗಿ ಅದು ಶಿನ್ ಸ್ಪ್ಲಿಂಟ್ಸ್, ಓಟಗಾರರಿಗೆ ಬರುವ ಕಣಕಾಲ ಮೂಳೆಯ ಅಂಚಿನ ನೋವು. ಹಾಗಲ್ಲದೆ ಒಂದೇ ಜಾಗ, ಬೆರಳ ತುದಿಯಷ್ಟು, ಒತ್ತಿದರೆ ಜೀವ ಹೋದಂತಾಗುವುದು, ರಾತ್ರಿ ಮಲಗಿದಾಗಲೂ ಹಿಂಡುವುದು, ಒಂಟಿಕಾಲಲ್ಲಿ ಕುಪ್ಪಳಿಸಲು ಆಗದೇ ಇರುವುದು, ಇದರಲ್ಲಿ ಒಂದಿದ್ದರೂ ಓಟ ಪೂರ್ತಿ ನಿಲ್ಲಿಸಿ ಮೂಳೆ ಡಾಕ್ಟರ್ ಹತ್ತಿರ ಹೋಗಿ. ಮೂಳೆಯಲ್ಲಿ ಸಣ್ಣ ಬಿರುಕು ಇರಬಹುದು. ಎಕ್ಸ್‌ರೇಯಲ್ಲಿ ಏನೂ ಇಲ್ಲ ಎಂದು ಬಂದರೆ ಖುಷಿಪಟ್ಟು ಓಡಬೇಡಿ. ಶುರುವಿನ ಎರಡು ಮೂರು ವಾರ ಅಂಥ ಬಿರುಕು ಎಕ್ಸ್‌ರೇಗೆ ಎಷ್ಟೋ ಸಲ ಕಾಣುವುದೇ ಇಲ್ಲ, ಎಂಆರ್‌ಐಯಲ್ಲಿ ಕಾಣುತ್ತದೆ.

ಈಗ ನಿಮ್ಮ ಪ್ರಶ್ನೆ. 1984ರಲ್ಲಿ ಅಮೆರಿಕದ ಎಡ್ವರ್ಡ್ ಕಾಯ್ಲ್ ಮತ್ತು ಜೊತೆಯವರು ಚೆನ್ನಾಗಿ ಪಳಗಿದ ಏಳು ಕ್ರೀಡಾಪಟುಗಳ ತರಬೇತಿ 84 ದಿನ ನಿಲ್ಲಿಸಿ ನೋಡಿದರು. ಮೈ ಆಮ್ಲಜನಕ ಬಳಸುವ ಗರಿಷ್ಠ ಶಕ್ತಿ, ನಿಮ್ಮ ವಾಚು ತೋರಿಸುತ್ತದಲ್ಲ ವಿಒ2 ಮ್ಯಾಕ್ಸ್, ಅದು ಮೊದಲ ಮೂರು ವಾರಕ್ಕೆ 7% ಇಳಿಯಿತು, ಎಂಟು ವಾರಕ್ಕೆ 16%. ಆಮೇಲೆ ಅಲ್ಲೇ ನಿಂತಿತು. ಮೊದಲು ಇಳಿಯುವುದು ಹೆಚ್ಚಾಗಿ ರಕ್ತದ ನೀರಿನಂಶದಿಂದ. ಅದು ಕೆಲವೇ ದಿನದಲ್ಲಿ ಹೋಗುತ್ತದೆ, ಮತ್ತೆ ಓಡಲು ಶುರು ಮಾಡಿದರೆ ಒಂದೆರಡು ವಾರದಲ್ಲಿ ಬಂದೂಬಿಡುತ್ತದೆ. ನೀವು ಹಳೇ ಮೈ ಬಂತು ಅಂದುಕೊಂಡಿರಲ್ಲ, ಬಂದದ್ದು ಅದು.

ಮೂಳೆಯ ಲೆಕ್ಕವೇ ಬೇರೆ. ಹೊಸ ಭಾರ ಬಿದ್ದಾಗ ಅದು ಮೊದಲು ಹಳೆಯದನ್ನು ಕೆತ್ತಿ ತೆಗೆಯುತ್ತದೆ, ಆ ಕೆಲಸಕ್ಕೆ ಸುಮಾರು ಮೂರು ವಾರ. ಆ ಜಾಗಕ್ಕೆ ಹೊಸ ಮೂಳೆ ತುಂಬಲು ಸುಮಾರು ಮೂರು ತಿಂಗಳು. ನೀವು ಹನ್ನೆರಡು ಓಡಿದ್ದು ಯಾವಾಗ? ನಾಲ್ಕನೇ ಭಾನುವಾರ. ಗಾರೆ ಕೆತ್ತಿದ್ದಾಗಿತ್ತು, ಮೆತ್ತಿರಲಿಲ್ಲ. ನೀವೇ ಮನೆ ಕಟ್ಟಿಸಿದವರು, ನಿಮಗೆ ಇದನ್ನು ಬಿಡಿಸಿ ಹೇಳಬೇಕಾ?

ಗೊರೂರು ಹಿನ್ನೀರು:
ಇದರ ಇನ್ನೊಂದು ರೂಪ ನಾನು. ಸೈಕಲ್ಲಿನವನು. ಎರಡು ವರ್ಷ ಓಟ ಬಿಟ್ಟಿದ್ದೆ, ಆದರೆ ವಾರಕ್ಕೆ ಇನ್ನೂರು ಕಿಲೋಮೀಟರ್ ಪೆಡಲ್ ತುಳಿಯುತ್ತಿದ್ದೆ. ಮತ್ತೆ ಓಡಲು ಹೋದರೆ ದಮ್ಮಿನ ಪ್ರಶ್ನೆಯೇ ಇಲ್ಲ, ಮೊದಲ ದಿನವೇ ಎಂಟು ಕಿಲೋಮೀಟರ್. ಎರಡು ವಾರದಲ್ಲಿ ಎರಡೂ ಮಂಡಿ ಢಮಾರ್. ಲೂನಾ ಚಾಸಿಗೆ ಬುಲೆಟ್ ಎಂಜಿನ್ ಕೂರಿಸಿದ ಹಾಗಾಗಿತ್ತು. ಸೈಕಲ್ ಎದೆಗೆ ಒಳ್ಳೆಯದು, ನಿಜ. ಆದರೆ ನೆಲಕ್ಕೆ ಕಾಲು ಬಡಿಯುವ ಪೆಟ್ಟು ಅದರಲ್ಲಿ ಎಲ್ಲಿದೆ?

ನನಗೆ ಕೋಚ್ ಒಬ್ಬರು ಹೇಳಿದ್ದು ಹತ್ತು ಪರ್ಸೆಂಟ್ ನಿಯಮ. ವಾರಕ್ಕೆ ಹತ್ತು ಪರ್ಸೆಂಟ್‌ಗಿಂತ ಜಾಸ್ತಿ ಏರಿಸಬೇಡ. ಅಷ್ಟು ಪಾಲಿಸಿದರೆ ಸಾಕು, ಇಷ್ಟೆಲ್ಲ ತಲೆಬಿಸಿ ಯಾಕೆ?

ರೊಬಸ್ಟಾ:
ಆ ನಿಯಮವನ್ನು ನಾನೂ ದೇವರ ವಾಕ್ಯ ಅಂದುಕೊಂಡಿದ್ದೆ. ಏಳು ತಿಂಗಳು ಕೂತಿದ್ದೆನಲ್ಲ, ಓದಲು ಬೇಕಾದಷ್ಟು ಟೈಮ್ ಇತ್ತು. ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗನ್‌ನಲ್ಲಿ ಹೊಸದಾಗಿ ಓಡುವ 532 ಜನರನ್ನು ಎರಡು ಗುಂಪು ಮಾಡಿ ನೋಡಿದ್ದಾರೆ, ಫಲಿತಾಂಶ 2008ರಲ್ಲಿ ಬಂತು. ಒಂದು ಗುಂಪು ಹತ್ತು ಪರ್ಸೆಂಟ್ ಲೆಕ್ಕದಲ್ಲಿ ನಿಧಾನ ಏರಿತು, ಇನ್ನೊಂದು ಬೇಗ ಏರಿತು. ಎರಡರಲ್ಲೂ ಹೆಚ್ಚೂಕಮ್ಮಿ ಐದರಲ್ಲೊಬ್ಬರಿಗೆ ಏಟಾಯಿತು. ವ್ಯತ್ಯಾಸವೇ ಇಲ್ಲ.

ಲೆಕ್ಕವನ್ನೇ ನೋಡಿ. ಮೊದಲ ವಾರ ಆರು ಕಿಲೋಮೀಟರ್ ಓಡಿದವನು ಹತ್ತು ಪರ್ಸೆಂಟ್ ಏರಿಸಿದರೆ ಆರು ನೂರು ಮೀಟರ್. ಅದಕ್ಕೊಂದು ನಿಯಮ ಬೇಕಾ? ಅದೇ ವಾರಕ್ಕೆ ಅರವತ್ತು ಓಡುವವನಿಗೆ ಆರು ಕಿಲೋಮೀಟರ್ ಆಗುತ್ತದೆ.

ಕಾಲು ರಿಪೇರಿ:
ಅದಕ್ಕೆ ಒಂದು ಸೇರಿಸುತ್ತೇನೆ. 2025ರಲ್ಲಿ ಡೆನ್ಮಾರ್ಕ್‌ನ ಆರ್ಹುಸ್ ವಿಶ್ವವಿದ್ಯಾಲಯದವರು ಐದು ಸಾವಿರಕ್ಕೂ ಜಾಸ್ತಿ ಓಟಗಾರರ ವಾಚಿನ ಲೆಕ್ಕ ತೆಗೆದುಕೊಂಡು ಒಂದು ಅಧ್ಯಯನ ಪ್ರಕಟಿಸಿದರು. ಅದರಲ್ಲಿ ವಾರದ ಒಟ್ಟು ಏರಿಕೆಗೂ ಏಟಿಗೂ ಅಂಥ ಸಂಬಂಧ ಕಾಣಲಿಲ್ಲ. ಕಂಡದ್ದು ಒಂದೇ ಓಟದ ಜಿಗಿತದಲ್ಲಿ. ಹಿಂದಿನ 30 ದಿನದಲ್ಲಿ ಒಮ್ಮೆ ಅತಿ ಉದ್ದ ಎಷ್ಟು ಓಡಿದ್ದೀರೋ, ಅದಕ್ಕಿಂತ ಹತ್ತು ಪರ್ಸೆಂಟ್ ಮೀರಿ ಒಂದೇ ದಿನ ಓಡಿದರೆ ಅಪಾಯ ಏರುತ್ತದೆ. ಎರಡು ಪಟ್ಟು ದಾಟಿದವರಲ್ಲಿ ಅಪಾಯವೂ ಎರಡು ಪಟ್ಟಿಗಿಂತ ಜಾಸ್ತಿ. ಸಾಲಗಾಮೆ ರಸ್ತೆಯವರ ಅತಿ ಉದ್ದ ಆರು. ಓಡಿದ್ದು ಹನ್ನೆರಡು. ಪಾಠಕ್ಕೆ ಹೇಳಿ ಮಾಡಿಸಿದ ಉದಾಹರಣೆ, ಬೇಜಾರು ಮಾಡಿಕೊಳ್ಳಬೇಡಿ.

ಭಾನುವಾರ ಮನೆಯಿಂದ ಹೊರಡುವ ಮೊದಲೇ ಎಲ್ಲಿ ತಿರುಗುವುದು ಎಂದು ಗೊತ್ತಿರಬೇಕು. ದಾರಿಯಲ್ಲಿ ನಿರ್ಧಾರ ಮಾಡಲು ಹೋದರೆ ಮಾಡುವುದು ಉಸಿರು. ಅದಕ್ಕೆ ಕಾಲಿನ ಸುದ್ದಿ ಎರಡು ದಿನ ತಡವಾಗಿ ತಲುಪುತ್ತದೆ.

1600 ಮೀಟರ್:
ಎಲ್ಲ ಸರಿ ಅಣ್ಣ, ಆದರೆ ನಿಮಗೆಲ್ಲ ಕೆಲಸ ಇದೆ, ಮನೆ ಇದೆ, ತೋಟ ಇದೆ. ನಿಧಾನ ಮಾಡಿದರೆ ನಡೆಯುತ್ತದೆ. ನನಗೆ ಪೊಲೀಸ್ ದೈಹಿಕ ಪರೀಕ್ಷೆ ಇನ್ನು ಆರು ವಾರಕ್ಕೆ ಇದೆ. 1600 ಮೀಟರ್ ಒಂದು ಸೆಕೆಂಡ್ ತಡವಾದರೂ ಮನೆಗೆ ಕಳಿಸುತ್ತಾರೆ. ಹೋದ ತಿಂಗಳು ಡೆಂಗಿ ಬಂದು ಹದಿನೈದು ದಿನ ಮಲಗಿದ್ದೆ. ಈಗ ದಿನಾ ಬೆಳಿಗ್ಗೆ ಸಂಜೆ ಎರಡು ಹೊತ್ತು ಟ್ರ್ಯಾಕ್‌ಗೆ ಹೋಗುತ್ತಿದ್ದೇನೆ. ಟೈಮ್ ಇಳಿಯುವ ಬದಲು ಏರುತ್ತಿದೆ. ತಡಿ ತಡಿ ಅಂದರೆ ನನ್ನ ವಯಸ್ಸು ತಡೆಯುತ್ತಾ?

ಮೂರನೇ ಸುತ್ತು:
ತಮ್ಮಾ, ನೀನು ಸಿಟ್ಟಾಗಿದ್ದು ಸರಿಯೇ. ನಾನು ರಿಟೈರಾದ ಪಿಇ ಮೇಷ್ಟ್ರು, ನಿನ್ನಂಥ ಹುಡುಗರನ್ನು ಮೂವತ್ತು ವರ್ಷ ನೋಡಿದ್ದೇನೆ. ಆದರೆ ಟೈಮ್ ಏರುತ್ತಿದೆ ಎಂದು ನೀನೇ ಬರೆದಿದ್ದೀಯ. ದಿನಕ್ಕೆ ಎರಡು ಹೊತ್ತು ಜಗ್ಗಿದರೂ ಏರುತ್ತಿದ್ದರೆ ಇನ್ನೂ ಜಗ್ಗಬೇಕಾ, ಬಿಡಬೇಕಾ?

ಹಾಸಿಗೆಯಿಂದ ಏಳುವ ಮೊದಲು ನಾಡಿ ಎಣಿಸು. ಗಡಿಯಾರ ನೋಡಿಕೊಂಡು ಒಂದು ನಿಮಿಷ, ಒಂದು ವಾರ, ಒಂದು ಚೀಟಿಯಲ್ಲಿ ಬರಿ. ಜ್ವರಕ್ಕೆ ಮುಂಚೆ 56 ಇದ್ದದ್ದು ಈಗ 68, 70 ಇದ್ದರೆ ಮೈ ಒಳಗೆ ಇನ್ನೂ ಜ್ವರದ ಬಾಕಿ ತೀರಿಸುತ್ತಿದೆ ಎಂದರ್ಥ. ಅಂಥ ದಿನ ವೇಗದ ಸುತ್ತು ಬೇಡವೇ ಬೇಡ. ವಾರಕ್ಕೆ ಎರಡು ದಿನ ಮಾತ್ರ ವೇಗ, ಅದೂ 400 ಮೀಟರ್ ಓಡಿ ಪೂರ್ತಿ ಸುಧಾರಿಸಿಕೊಂಡು ಮತ್ತೆ 400. ಸಂಜೆಯದನ್ನು ಕೈಬಿಡು. ಉಳಿದ ದಿನ ಹುಲ್ಲಿನ ಮೇಲೆ, ಪಕ್ಕದವನ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟು ನಿಧಾನ. ಒಂದೊಂದೇ ಪದ ಬರುತ್ತಿದ್ದರೆ ಅದು ನಿಧಾನ ಅಲ್ಲ. ಪರೀಕ್ಷೆಗೆ ಹತ್ತು ದಿನ ಇರುವಾಗ ಹೊಸದೇನೂ ಮಾಡಬೇಡ.

ಇನ್ನೊಂದು. ಎದೆ ಡವಗುಟ್ಟುವುದು, ಮೆಟ್ಟಿಲು ಹತ್ತಿದರೆ ಏದುಸಿರು, ಎದೆಯಲ್ಲಿ ಹಿಡಿದ ಹಾಗಾಗುವುದು, ಇದೇನಾದರೂ ಇದ್ದರೆ ಓಟ ನಿಲ್ಲಿಸಿ ನಾಳೆಯೇ ಇಸಿಜಿ ಮಾಡಿಸು. ಡೆಂಗಿ ಕೆಲವರಿಗೆ ಹೃದಯದ ಸ್ನಾಯುವಿಗೂ ತಾಗುತ್ತದೆ.

ಬಾಣಂತಿ ಎಕ್ಸ್‌ಪ್ರೆಸ್:
ಹೃದಯದ ಮಾತು ಬಂದದ್ದಕ್ಕೆ ಹೇಳುತ್ತೇನೆ. 2025ರ ಜೂನ್‌ನಲ್ಲಿ ನಮ್ಮ ಜಿಲ್ಲೆಯಲ್ಲಿ ಹಾರ್ಟ್ ಅಟ್ಯಾಕ್ ಸುದ್ದಿ ದಿನಾ ಟಿವಿಯಲ್ಲಿ ಬರುತ್ತಿತ್ತಲ್ಲ, ಆಗ ನಮ್ಮತ್ತೆ ನನ್ನ ಶೂ ಅಟ್ಟಕ್ಕೆ ಹಾಕಿದ್ದರು. ಜನ ಜಯದೇವ ಆಸ್ಪತ್ರೆ ಮುಂದೆ ಸಾಲುಗಟ್ಟಿದ್ದರು. ಆಮೇಲೆ ಜಯದೇವದ ನಿರ್ದೇಶಕರ ನೇತೃತ್ವದ ಸಮಿತಿ ವರದಿ ಕೊಟ್ಟು, ಅಸಹಜ ಏರಿಕೆ ಏನಿಲ್ಲ, ಸತ್ತವರಲ್ಲಿ ತುಂಬ ಜನಕ್ಕೆ ಬಿಪಿ, ಶುಗರ್, ಸಿಗರೇಟು ಇಂಥವಿದ್ದವು ಎಂದಿತು. ಆದರೂ ಅತ್ತೆ ನಂಬಲಿಲ್ಲ. ಓಡಿದರೆ ಸಾಯುತ್ತಾರೆ ಎಂಬ ಮಾತು ಹಾಸನದ ಅರ್ಧ ಮನೆಗಳಲ್ಲಿ ಇನ್ನೂ ಇದೆ.

ಸರಿ, ನನ್ನ ಕತೆ. ಮಗುವಿಗೆ ಈಗ ಆರು ತಿಂಗಳು. ಬಾಣಂತನ ಅರಸೀಕೆರೆಯಲ್ಲಿ, ತವರಲ್ಲಿ. ಎರಡನೇ ತಿಂಗಳಿಗೇ ನನಗೆ ಕಾಲು ತುರಿಸುತ್ತಿತ್ತು. ಮೊಬೈಲಲ್ಲಿ ಆರು ವಾರಕ್ಕೆ ಓಡಿದವರ ಫೋಟೋ ನೋಡಿ ನೋಡಿ ಹೊಟ್ಟೆ ಉರಿ ಬೇರೆ. ಅಮ್ಮ ಹೇಳುತ್ತಿದ್ದದ್ದು ಒಂದೇ, "ಹಸಿ ಮೈ ಕಣೇ, ಸುಮ್ನಿರು." ಜಗಳ ಆಡಿದೆ. ಆಮೇಲೆ ಓದಿದರೆ 2019ರಲ್ಲಿ ಯುಕೆಯ ಮೂವರು ಫಿಸಿಯೋಗಳು ಬರೆದ ಮಾರ್ಗಸೂಚಿಯಲ್ಲಿ ಇರುವುದೂ ಅದೇ. ಹೆರಿಗೆಯಾಗಿ ಕಡಿಮೆ ಎಂದರೂ ಮೂರು ತಿಂಗಳು ಓಟ ಬೇಡ. ಅಮ್ಮ ಅದನ್ನು ಓದಿಲ್ಲ. ಅವರ ಹತ್ತಿರ ಇರುವುದು ಬೆಳ್ಳುಳ್ಳಿ ಸಾರು ಮಾತ್ರ.

ನಾನು ನಾಲ್ಕನೇ ತಿಂಗಳಿಗೆ ಶುರು ಮಾಡಿದೆ. ಯಾರೂ ಬಾಯಿಬಿಟ್ಟು ಹೇಳದ ಒಂದು ವಿಷಯ ಇಲ್ಲಿ ಹೇಳಿಬಿಡುತ್ತೇನೆ, ಹೆಣ್ಣುಮಕ್ಕಳು ಯಾರಾದರೂ ಓದುತ್ತಿದ್ದರೆ ಉಪಯೋಗಕ್ಕೆ ಬರಲಿ. ಮೊದಲ ದಿನ ನೂರು ಮೀಟರ್ ಓಡುವುದರೊಳಗೆ ಮೂತ್ರ ಸೋರಿತು. ಎದೆಯುಸಿರು ಚೆನ್ನಾಗಿತ್ತು, ಕಾಲೂ ಚೆನ್ನಾಗಿತ್ತು, ಮೂತ್ರ ಹಿಡಿದಿಡುವ ಕೆಳಗಿನ ಸ್ನಾಯು ಮಾತ್ರ ತಯಾರಿರಲಿಲ್ಲ. ಅದನ್ನು ಸಹಿಸಿಕೊಂಡು ಓಡಬಾರದು, ಹಾಗಾದರೆ ಓಡಲು ಇನ್ನೂ ಹೊತ್ತು ಬಂದಿಲ್ಲ ಎಂದರ್ಥ. ಮತ್ತೆ ಆರು ವಾರ ನಡಿಗೆ, ಸೊಂಟದ ವ್ಯಾಯಾಮ. ಈಗ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹಾಗೆ ಇಪ್ಪತ್ತು ನಿಮಿಷ. ಪಾರ್ಕಿನಲ್ಲಿ ವಾಕಿಂಗ್ ಬರುವ ಅಜ್ಜಂದಿರು ನನ್ನನ್ನು ಹಿಂದೆ ಹಾಕುತ್ತಾರೆ.

ಸಾಲಗಾಮೆ ರಸ್ತೆ:
ಹಸಿ ಮೈ ಎಂಬ ಮಾತು ಸರಿಯಾಗಿ ತಟ್ಟಿತು. ನಮ್ಮ ಮೇಸ್ತ್ರಿಯೂ ಅದನ್ನೇ ಹೇಳುತ್ತಿದ್ದ. ಮೋಲ್ಡ್ ಹಾಕಿ ವಾರಕ್ಕೆಲ್ಲ ಮೇಲೆ ಓಡಾಡಿದರೆ ಕಲ್ಲಿನ ಹಾಗಿತ್ತು, ಸೆಂಟ್ರಿಂಗ್ ಬಿಚ್ಚಪ್ಪ, ಬಾಡಿಗೆ ಏರುತ್ತಿದೆ ಅಂದೆ. ಅವನು ತಲೆ ಅಲ್ಲಾಡಿಸಿ, "ಮೇಲೆ ಒಣಗಿದೆ ಸಾರ್, ಒಳಗೆ ಹಸಿ" ಅಂದ. ಇಪ್ಪತ್ತೊಂದು ದಿನ ಬಿಚ್ಚಲಿಲ್ಲ. ಸೂರಿಗೆ ಕೊಟ್ಟ ಮರ್ಯಾದೆ ಕಾಲಿಗೆ ಕೊಡಲಿಲ್ಲ ನೋಡಿ.

ಒತ್ತಿ ನೋಡಿದೆ. ನೋವು ಒಂದು ಗೇಣಿಗೆ ಸ್ವಲ್ಪ ಕಡಿಮೆ ಉದ್ದಕ್ಕೆ ಹರಡಿದೆ, ಒಂದೇ ಜಾಗದಲ್ಲಿಲ್ಲ. ರಾತ್ರಿ ನೋವಿಲ್ಲ. ಕುಪ್ಪಳಿಸಿದರೆ ಸ್ವಲ್ಪ. ಆದರೂ ಇಲ್ಲೇ ಒಬ್ಬ ಮೂಳೆ ಡಾಕ್ಟರಿಗೆ ತೋರಿಸಿದೆ. ಅವರು ಕಾಲು ಮುಟ್ಟಿಯೂ ನೋಡದೆ, "ಈ ವಯಸ್ಸಲ್ಲಿ ಯಾಕೆ ಓಡ್ತೀರಾ, ವಾಕಿಂಗ್ ಮಾಡಿ" ಎಂದು ಮಾತ್ರೆ ಬರೆದು ಕಳಿಸಿದರು. ಎರಡು ನಿಮಿಷ. ಅದಕ್ಕಿಂತ ಜಾಸ್ತಿ ಹೊತ್ತು ಚಪ್ಪಲಿ ಹುಡುಕಲು ಹಿಡಿಯಿತು.

ಕಾಲು ರಿಪೇರಿ:
ಹಾಗಾದರೆ ಬಿರುಕಿನ ಲಕ್ಷಣ ಕಡಿಮೆ. ನೋವು ಒಂದೇ ಜಾಗಕ್ಕೆ ಬಂದು ನಿಂತರೆ ಇನ್ನೊಬ್ಬ ಡಾಕ್ಟರಿಗೆ ತೋರಿಸಿ, ತಡಮಾಡಬೇಡಿ. ಈಗ ಎರಡು ವಾರ ಓಟ ಬೇಡ, ಪೂರ್ತಿ ಕೂರುವುದೂ ಬೇಡ. ಅರ್ಧ ಗಂಟೆ ಬಿರುಸಾಗಿ ನಡೆದು, ಮರುದಿನ ಬೆಳಿಗ್ಗೆಯೂ ನೋವಿಲ್ಲ ಎಂದಾಗುವವರೆಗೆ ನಡಿಗೆಯೇ. ಮೆಟ್ಟಿಲ ಅಂಚಲ್ಲಿ ನಿಂತು ಒಂಟಿಕಾಲಲ್ಲಿ ಹಿಮ್ಮಡಿ ಎತ್ತಿ ಇಳಿಸಿ, ಎಷ್ಟಾಗುತ್ತದೆ ಎಣಿಸಿ. ಎರಡೂ ಕಾಲಲ್ಲಿ ಇಪ್ಪತ್ತು ದಾಟಬೇಕು. ಎಂಟು ತಿಂಗಳು ಬಿಟ್ಟವರಿಗೆ ಸಾಮಾನ್ಯವಾಗಿ ಹತ್ತಕ್ಕೇ ನಡುಗುತ್ತದೆ. ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಬಾಣಂತಿಯವರ ಹಾಗೆಯೇ.

ಒಂದು ದಿನ ಬಿಟ್ಟು ಒಂದು ದಿನ ಎಂಬುದನ್ನು ಮಾತ್ರ ಬಿಡಬೇಡಿ. ಓಡಿದ ಮೇಲೆ ಮೊದಲ ಒಂದು, ಒಂದೂವರೆ ದಿನ ಸ್ನಾಯುರಜ್ಜುವಿನ ಒಳಗೆ ಕಟ್ಟುವುದಕ್ಕಿಂತ ಕಳಚುವುದು ಜಾಸ್ತಿ ಇರುತ್ತದೆ. ಆಮೇಲೆ ಕಟ್ಟುವ ಕೆಲಸ ಮೇಲಾಗುತ್ತದೆ. ದಿನಾ ಓಡಿದರೆ ಆ ಹೊತ್ತೇ ಬರುವುದಿಲ್ಲ. ವಾರಕ್ಕೆ ಒಟ್ಟು ಎಷ್ಟು ಎಂಬುದಕ್ಕಿಂತ ನಡುವೆ ಖಾಲಿ ದಿನ ಇದೆಯಾ ಎಂದು ಮೊದಲು ನೋಡಿ.

ರೊಬಸ್ಟಾ:
ಹಿಮ್ಮಡಿ ಎತ್ತಿಳಿಸುವುದು ಎಂದರು, ಅದರ ಹಿಂದೆ ಒಂದು ಚೆಂದದ ಕತೆ ಇದೆ. ಸ್ವೀಡನ್‌ನ ಹಾಕನ್ ಆಲ್‌ಫ್ರೆಡ್‌ಸನ್ ಎಂಬ ಮೂಳೆ ಸರ್ಜನ್‌ಗೆ ಸ್ವತಃ ಅಕಿಲಿಸ್ ನೋವಿತ್ತು. ಆಪರೇಷನ್ ಮಾಡಿ ಎಂದರೆ ಆಸ್ಪತ್ರೆಯವರು ಒಪ್ಪಲಿಲ್ಲವಂತೆ. ಸರಿ, ಪೂರ್ತಿ ಹಾಳು ಮಾಡಿಕೊಂಡರೆ ಮಾಡಲೇಬೇಕಲ್ಲ ಎಂದು ನೋವಿನ ಮೇಲೇ ಭಾರ ಹಾಕಿ ಹಿಮ್ಮಡಿ ಇಳಿಸುತ್ತಾ ಹೋದರು. ವಾಸಿಯಾಗಿಬಿಟ್ಟಿತು! ಆಮೇಲೆ 15 ಹವ್ಯಾಸಿ ಕ್ರೀಡಾಪಟುಗಳ ಮೇಲೆ ಅದನ್ನೇ ಮಾಡಿ 1998ರಲ್ಲಿ ಪ್ರಕಟಿಸಿದರು. ಹನ್ನೆರಡು ವಾರ. ಮಂಡಿ ನೆಟ್ಟಗಿಟ್ಟು 15ರಂತೆ ಮೂರು ಸಲ, ಮಂಡಿ ಬಗ್ಗಿಸಿ 15ರಂತೆ ಮೂರು ಸಲ, ದಿನಕ್ಕೆ ಎರಡು ಹೊತ್ತು. ಒಟ್ಟು 180.

ನಾನು ಅದನ್ನು ಕಾಫಿ ಕಣದ ಪಕ್ಕದ ಗೋಡೌನ್ ಮೆಟ್ಟಿಲ ಮೇಲೆ ಮಾಡಿದೆ. ಗೋಡೆ ಹಿಡಿದು, ಎಡಗಾಲ ಮುಂಗಾಲಷ್ಟೇ ಮೆಟ್ಟಿಲ ಮೇಲಿಟ್ಟು ಹಿಮ್ಮಡಿಯನ್ನು ನಿಧಾನ ಕೆಳಗೆ ಬಿಡುವುದು. ಸುಣ್ಣದ ಗೋಡೆಯ ಮೇಲೆ ನನ್ನ ಅಂಗೈ ಗುರುತು ಇನ್ನೂ ಇದೆ. ನೋವಿಲ್ಲದೆ ಆಗತೊಡಗಿದರೆ ಬೆನ್ನಿಗೆ ಭಾರ ಹಾಕಬೇಕು. ನಾನು ಬ್ಯಾಗಿಗೆ ಐದು ಕೆಜಿ ಒಣಮೆಣಸು ತುಂಬಿದೆ, ಕಾಳುಮೆಣಸು ಅನ್ನಿ, ನಮ್ಮಲ್ಲಿ ಮೆಣಸು ಎಂದರೆ ಅದೇ. ಬೆವರಿಗೆ ಘಾಟು ಸೇರಿ ದಿನಾ ಸೀನು. ಕೆಲಸದ ಹೆಂಗಸರು, "ಅಯ್ಯಾವ್ರು ಇವತ್ತೂ ಮೆಟ್ಲು ಅಳೀತಾವ್ರೆ" ಎಂದು ನಗುತ್ತಿದ್ದರು. ಗಮನಿಸಿ, ಇದು ಹಿಮ್ಮಡಿ ನರಕ್ಕೆ. ಕಣಕಾಲಿನ ಮೂಳೆ ನೋವಿರುವವರು ನೋವಿನ ಮೇಲೆ ಭಾರ ಹಾಕಲು ಹೋಗಬೇಡಿ.

ಗೊರೂರು ಹಿನ್ನೀರು:
ಹತ್ತು ಪರ್ಸೆಂಟ್ ವಿಷಯದಲ್ಲಿ ಸೋತೆ, ಒಪ್ಪಿಕೊಂಡೆ. ಆದರೆ ಒಂದು ಮಾತು. ಈ ತಡೆದುಕೊಳ್ಳುವುದು ಎಂಬುದು ಹೇಳಿದಷ್ಟು ಸುಲಭವಲ್ಲ, ಅದೂ ಮುಂಚೆ ಓಡುತ್ತಿದ್ದವರಿಗೆ. ಹೊಸಬನಿಗೆ ಹೋಲಿಸಲು ಏನೂ ಇಲ್ಲ, ಎರಡು ಕಿಲೋಮೀಟರ್ ಓಡಿದರೂ ಅವನಿಗೆ ಹಬ್ಬ. ನನ್ನ ವಾಚು ಮಾತ್ರ ದಿನಾ ಮೂರು ವರ್ಷದ ಹಿಂದಿನ ಟೈಮ್ ತೋರಿಸಿ ಮಾನ ಕಳೆಯುತ್ತದೆ. ಅದಕ್ಕೆ ಈಗ ಆಪ್ ಅಳಿಸಿ ಹಾಕಿದ್ದೇನೆ, ನಿಮಿಷ ಮಾತ್ರ ನೋಡುವುದು. ದೂರ ಗೊತ್ತಿಲ್ಲದಿದ್ದರೆ ನಾಚಿಕೆಯೂ ಇಲ್ಲ.

ಮೂರನೇ ಸುತ್ತು:
ನಮ್ಮಪ್ಪ ಬೇಸಾಯಗಾರ. ಯುಗಾದಿಗೆ ಹೊನ್ನಾರು ಹೂಡುತ್ತಿದ್ದರು, ನಿಮ್ಮಲ್ಲಿ ಕೆಲವರು ನೋಡಿರಬಹುದು. ಎತ್ತಿಗೆ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಪೂಜೆ ಮಾಡಿ, ಹೊಲಕ್ಕೆ ಹೋಗಿ ನಾಲ್ಕು ಸಾಲು ಹೊಡೆದು ಬಿಚ್ಚಿಬಿಡುವುದು. ಎತ್ತುಗಳು ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲಿ ತಿಂದು ಕೊಬ್ಬಿರುತ್ತಿದ್ದವು. ಬಿಟ್ಟರೆ ಹೊಲ ಪೂರ್ತಿ ಉತ್ತುಬಿಡುವ ಹಾಗೆ ಎಳೆಯುತ್ತಿದ್ದವು. ನಾನು ಚಿಕ್ಕವನು, "ಅಪ್ಪಾ ಇನ್ನೊಂದು ಸಾಲು" ಎನ್ನುತ್ತಿದ್ದೆ. ಅಪ್ಪ ನೊಗದ ಕಣ್ಣಿ ಬಿಚ್ಚುತ್ತಾ, "ಹೆಗಲು ಇನ್ನೂ ಮೆತ್ತಗದೆ ಕಣ್ಲಾ, ಕೆತ್ಕತದೆ" ಎಂದು ಎತ್ತಿನ ಹೆಗಲ ಚರ್ಮ ಹಿಡಿದು ತೋರಿಸುತ್ತಿದ್ದರು. ಅದಾದ ಮೇಲೆ ಎರಡು ವಾರ ಬೆಳಿಗ್ಗೆ ಒಂದು ಗಳಿಗೆ ಹೂಡಿ, ಹೊತ್ತೇರುವ ಮೊದಲೇ ಬಿಚ್ಚುವುದು.

ಹುಡುಗರಿಗೆ ತರಬೇತಿ ಕೊಡುವಾಗ ನಾನು ಮಾಡಿದ್ದೂ ಅಷ್ಟೇ. ನ್ಯೂಜಿಲೆಂಡ್‌ನ ಆರ್ಥರ್ ಲಿಡಿಯಾರ್ಡ್ ಎಂಬ ದೊಡ್ಡ ಕೋಚ್ ಇದ್ದರು, ಅವರ ಶಿಷ್ಯರು 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಒಂದೇ ದಿನ 800 ಮೀಟರ್ ಮತ್ತು 5000 ಮೀಟರ್ ಎರಡೂ ಚಿನ್ನ ಹೊಡೆದರು. ಅವರು ಹೇಳುತ್ತಿದ್ದದ್ದು ಪಳಗಿಸಿ, ಹಿಂಡಬೇಡಿ ಎಂದು. ನಮ್ಮಪ್ಪ ರೋಮ್ ಹೆಸರು ಕೇಳಿದ್ದರೋ ಇಲ್ಲವೋ.

ಸಾಲಗಾಮೆ ರಸ್ತೆ:
ಏಳು ವಾರದ ಮೇಲೆ ಬರೆಯುತ್ತಿದ್ದೇನೆ. ಬೆಂಗಳೂರಿನ ಓಟಕ್ಕೆ ಹೋಗುವುದಿಲ್ಲ. ಕಟ್ಟಿದ ದುಡ್ಡು ವಾಪಸ್ ಇಲ್ಲವಂತೆ, ಟಿ ಶರ್ಟ್ ಮಾತ್ರ ಕೊರಿಯರ್ ಮಾಡುತ್ತಾರಂತೆ. ಮಗ ಹಾಕಿಕೊಳ್ಳಲಿ.

ಹಿಮ್ಮಡಿ ಎತ್ತಿಳಿಸಿದ್ದು ಮೊದಲ ದಿನ ಬಲಗಾಲಲ್ಲಿ ಒಂಬತ್ತು, ಈಗ ಇಪ್ಪತ್ತೆರಡು. ಹಲ್ಲುಜ್ಜುವಾಗ ಮಾಡುತ್ತೇನೆ. ಒಂದು ನಿಮಿಷ ಓಟದಿಂದ ಶುರು ಮಾಡಿ ಈಗ ಐದು ನಿಮಿಷ ಓಟ, ಒಂದು ನಿಮಿಷ ನಡಿಗೆ, ಅಂಥವು ನಾಲ್ಕು. ನಡುವೆ ಒಮ್ಮೆ, ಮೂರನೇ ವಾರ, ಮತ್ತೆ ಅದೇ ಹುಚ್ಚು ಹತ್ತಿತ್ತು. ಬೆಳಿಗ್ಗೆ ಕ್ರೀಡಾಂಗಣದಲ್ಲಿ ಮೈ ಬಿಸಿಯಾಗಿ, ಹೆಜ್ಜೆ ಹಗುರಾಗಿ, ಇನ್ನು ಐದು ಕಿಲೋಮೀಟರ್ ಬೇಕಾದರೂ ಓಡುತ್ತೇನೆ ಅನಿಸಿತು. ಹಾಗನಿಸಿದ್ದೇ ಟ್ರ್ಯಾಕ್ ಪಕ್ಕ ಹುಲ್ಲಿನ ಮೇಲೆ ಕೂತು ಲೇಸ್ ಬಿಚ್ಚಿದೆ. ಬರಿಗಾಲಲ್ಲಿ ಗೇಟಿನವರೆಗೆ ನಡೆದೆ. ಶೂ ಕಾಲಲ್ಲಿದ್ದರೆ ನನ್ನ ಮೇಲೆ ನನಗೆ ನಂಬಿಕೆ ಇರಲಿಲ್ಲ. ಕೂತಿದ್ದಾಗ ಪಕ್ಕ ಓಡುತ್ತಿದ್ದ ಒಬ್ಬ ಹುಡುಗ, "ಬನ್ನಿ ಅಂಕಲ್, ಇನ್ನೊಂದ್ ಸುತ್ತು" ಎಂದು ಕರೆದ. ಮೈಯೆಲ್ಲ ಉರಿಯಿತು, ಅಂಕಲ್ ಅಂದದ್ದಕ್ಕಲ್ಲ, ಬರಲ್ಲ ಅನ್ನಬೇಕಾಯಿತಲ್ಲ ಅದಕ್ಕೆ.

1600 ಮೀಟರ್:
ಅಣ್ಣ, ನೀಲಿ ಶೂನಾ? ಕರೆದದ್ದು ನಾನೇ. ಕ್ಷಮಿಸಿ, ಅಂಕಲ್ ಅಂದದ್ದಕ್ಕೂ ಸೇರಿಸಿ. ಹೋದ ಶುಕ್ರವಾರ ಪರೀಕ್ಷೆ ಆಯ್ತು, ಓಟ ಪಾಸ್. ಮೇಷ್ಟ್ರೇ, ನಾಡಿ ಚೀಟಿ ಇಟ್ಟುಕೊಂಡಿದ್ದೇನೆ, 71ರಿಂದ 58ಕ್ಕೆ ಬಂದಿತ್ತು. ಈಗ ಉದ್ದಜಿಗಿತಕ್ಕೆ ಕಾಲು ಹಿಡಿದುಕೊಂಡಿದೆ, ಅದು ಬೇರೆ ಕತೆ, ಸಂಜೆ ಬರೆಯುತ್ತೇನೆ.